ಮೇಷ್ಟ್ರ ಪಿಂಚಣಿ: ಎಸ್‌ಆರ್ ಪುಸ್ತಕದಿಂದ ಪಿಪಿಒ ತನಕ

ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರ್‌ಗಳಲ್ಲಿ ನಿವೃತ್ತಿಗೆ ಇನ್ನೂ ಎರಡು, ಮೂರು ವರ್ಷ ಬಾಕಿ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ಸನ್ಮಾನದ ಹಾರ ಹಾಕಿಸಿಕೊಂಡ ಮೇಲೆ ಪಿಂಚಣಿ ಕಾಗದ ಹುಡುಕಲು ಹೊರಟರೆ ತಡವಾಗಿರುತ್ತದೆ. ನಿಮ್ಮ ಪಿಂಚಣಿ ಎಷ್ಟು, ಯಾವಾಗ ಬರುತ್ತದೆ ಅನ್ನೋದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿನ ಬೀರುವಿನಲ್ಲಿರುವ ಸೇವಾ ಪುಸ್ತಕದಲ್ಲಿ, ಅಂದರೆ ಎಸ್‌ಆರ್‌ನಲ್ಲಿ, ಆಗಲೇ ನಿರ್ಧಾರ ಆಗಿರುತ್ತದೆ. ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿ ಶಾಲೆಗಳಲ್ಲಿ ಜೀವನ ಸವೆಸಿದ ಎಷ್ಟೋ ಜನ ಆ ಪುಸ್ತಕವನ್ನು ಒಂದು ಸಲವೂ ಪೂರ್ತಿ ತಿರುಗಿಸಿ ನೋಡಿರುವುದಿಲ್ಲ.

ನೀವು ಯಾವ ಯೋಜನೆಯವರು?

ಮೊದಲು ಇದು ಗೊತ್ತಾಗಬೇಕು. 1-4-2006ಕ್ಕಿಂತ ಮುಂಚೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ, ಅಂದರೆ ಒಪಿಎಸ್. ಆ ದಿನ ಮತ್ತು ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ತಿಂಗಳ ಕಡಿತದಿಂದ ಕಟ್ಟುವ ಹೊಸ ಪಿಂಚಣಿ.

ಇದರ ನಡುವೆ ಒಂದು ಗುಂಪು ಸಿಕ್ಕಿಹಾಕಿಕೊಂಡಿತ್ತು. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮುಂಚೆಯೇ ಬಂದಿತ್ತು, ಆದರೆ ಆಯ್ಕೆ ಪಟ್ಟಿ ತಡವಾಗಿ ಆಮೇಲೆ ಸೇರಿದವರು. 2024ರ ಜನವರಿಯಲ್ಲಿ ಸರ್ಕಾರ ಇಂಥ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿ ಕೊಡುವ ಆದೇಶ ಮಾಡಿತು. ಇದಕ್ಕೆ ಹಳೆಯ ಪಿಂಚಣಿಯೇ ಬೇಕು ಎಂಬ ಆಯ್ಕೆ ಪತ್ರವನ್ನು ನೌಕರರು ಕೊಡಬೇಕಿತ್ತು. ನೀವು ಆ ಗುಂಪಿನವರಾದರೆ, ಕೊಟ್ಟ ಆಯ್ಕೆ ಪತ್ರ ಎಸ್‌ಆರ್‌ನಲ್ಲಿ ನಮೂದಾಗಿದೆಯಾ, ಎನ್‌ಪಿಎಸ್ ಕಡಿತ ನಿಂತಿದೆಯಾ ಎಂದು ಇವತ್ತೇ ವಿಚಾರಿಸಿ.

ಇನ್ನೊಂದು ಮಾತು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಪಿಂಚಣಿ ಸುದ್ದಿಯಲ್ಲಿ ಬಹಳಷ್ಟು ಕೇಂದ್ರ ಸರ್ಕಾರಿ ನೌಕರರದ್ದು. ಕಮ್ಯುಟೇಷನ್, ಅಂದರೆ ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು ಇಡಿಗಂಟು ಪಡೆಯುವುದು, ಶೇ. 40 ಎನ್ನುವುದು ಅವರ ಲೆಕ್ಕ. ನಮ್ಮಲ್ಲಿ ಮೂರನೇ ಒಂದು ಭಾಗ. ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಎನ್ನುವುದೂ ಕೇಂದ್ರ ನೌಕರರಿಗಾಗಿ 2025ರ ಏಪ್ರಿಲ್‌ನಿಂದ ಬಂದದ್ದು. ನಮಗೆ ಅನ್ವಯಿಸುವುದು ಕರ್ನಾಟಕ ನಾಗರಿಕ ಸೇವಾ ನಿಯಮಗಳು ಮತ್ತು ರಾಜ್ಯದ ಆರ್ಥಿಕ ಇಲಾಖೆಯ ಆದೇಶಗಳು. ಆದೇಶದ ತಲೆಬರಹದಲ್ಲಿ ಕರ್ನಾಟಕ ಸರ್ಕಾರ ಅಂತ ಇದೆಯಾ ನೋಡಿ, ಆಮೇಲೆ ಖುಷಿಪಡಿ.

ನಿವೃತ್ತಿ ದಿನಾಂಕ

60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ತಿಂಗಳ 1ನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಸುಮ್ನೆ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ಹೀಗೆ ಬರೆಸಿಕೊಂಡವರೆಲ್ಲ ಮೇ 31ಕ್ಕೆ ನಿವೃತ್ತಿ. 1-6-1966 ಎಂದಿದ್ದರೆ 31-5-2026. ಅದೇ 2-6-1966 ಎಂದಿದ್ದರೆ 30-6-2026.

ಈಗ ಹೋಗಿ ಜನ್ಮದಿನಾಂಕ ತಿದ್ದಿಸಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಆಗಲ್ಲ. ಇದಕ್ಕೆ 1974ರ ಒಂದು ರಾಜ್ಯ ಕಾಯ್ದೆಯೇ ಇದೆ, ಸೇವೆಗೆ ಸೇರಿದ ಮೂರು ವರ್ಷದೊಳಗೆ ಕೇಳಬೇಕಿತ್ತು.

ಜೂನ್ 30 ಅಥವಾ ಡಿಸೆಂಬರ್ 31ಕ್ಕೆ ನಿವೃತ್ತಿ ಆಗುವವರು ಇನ್ನೊಂದು ವಿಷಯ ಗಮನಿಸಿ. ವರ್ಷವಿಡೀ ದುಡಿದು, ಮರುದಿನ ಬರಬೇಕಾದ ಇಂಕ್ರಿಮೆಂಟ್ ಕೈತಪ್ಪುತ್ತಿತ್ತು. ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ದುಡಿದ ವರ್ಷದ ಇಂಕ್ರಿಮೆಂಟ್ ನಿವೃತ್ತರಿಗೂ ಸಲ್ಲಬೇಕು ಎಂದು ಹೇಳಿತು. ನಿಮ್ಮ ಇಂಕ್ರಿಮೆಂಟ್ ನಿವೃತ್ತಿಯ ಮರುದಿನಕ್ಕೆ ಬೀಳುತ್ತಿದ್ದರೆ ಪಿಂಚಣಿ ಪ್ರಸ್ತಾವನೆ ಹೋಗುವ ಮುಂಚೆಯೇ ಲಿಖಿತವಾಗಿ ಕೇಳಿ.

ಎಸ್‌ಆರ್ ತೆಗೆಸಿ, ಕೂತು ಓದಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವ ಪುರಸೊತ್ತು ನಿಮಗಿದ್ದರೆ ಇದನ್ನು ಮಾಡಿ. ನಿವೃತ್ತಿಗೆ ಎರಡು ವರ್ಷ ಮುಂಚೆ ಒಂದು ಅರ್ಜಿ ಬರೆದು ಬಿಇಒ ಆಫೀಸಿಗೆ ಹೋಗಿ. ಹೈಸ್ಕೂಲಿನವರಾದರೆ ಪುಸ್ತಕ ನಿಮ್ಮ ಶಾಲೆಯಲ್ಲೇ ಇರಬಹುದು. ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ಮೊದಲು ಲಾಂಚ್ ಕಾಯುವುದೇ ಒಂದು ದಿನದ ಕೆಲಸವಾಗಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆದ ಮೇಲೆ ಆ ನೆಪವೂ ಇಲ್ಲ.

ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ, ಅಥವಾ ಜೆರಾಕ್ಸ್ ಮಾಡಿಸಿ. ಮನೆಗೆ ಬಂದು ನಿಧಾನವಾಗಿ ನೋಡಿ.

ಹೆಸರು ಮೊದಲು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಎಸ್‌ಆರ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಐದರಲ್ಲೂ ಒಂದೇ ರೀತಿ ಇರಬೇಕು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ಟೀಚರ್‌ಗಳಿಗೆ ಈ ತೊಂದರೆ ಜಾಸ್ತಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಬ್ಯಾಂಕಿನಲ್ಲಿ ಹಣ ನಿಲ್ಲುತ್ತದೆ. ಎಸ್‌ಆರ್‌ನ ಹೆಸರಿಗೆ ಆಧಾರ್ ಹೊಂದಿಸುವುದು ಸುಲಭ. ಎಸ್‌ಆರ್ ತಿದ್ದಿಸಲು ಹೊರಟರೆ ಕಾಗದ ಬಹಳ ಓಡಾಡಬೇಕಾಗುತ್ತದೆ.

ಆಮೇಲೆ ವಾರ್ಷಿಕ ಸೇವಾ ಪರಿಶೀಲನೆಯ ನಮೂದು. ಪ್ರತಿ ವರ್ಷ ಇಷ್ಟರಿಂದ ಇಷ್ಟರವರೆಗೆ ಸೇವೆ ಪರಿಶೀಲಿಸಲಾಗಿದೆ ಎಂದು ಬರೆದು ಅಧಿಕಾರಿ ಸಹಿ ಹಾಕಿರಬೇಕು. ರಾಯಚೂರು, ಕಲಬುರಗಿ ಕಡೆ ಕೆಲಸಕ್ಕೆ ಸೇರಿ ಆಮೇಲೆ ವರ್ಗಾವಣೆ ತೆಗೆದುಕೊಂಡು ಇತ್ತ ಬಂದವರು ತುಂಬಾ ಜನ ಇದ್ದಾರೆ. ಅವರ ಪುಸ್ತಕದಲ್ಲಿ ಮೊದಲ ಕೆಲವು ವರ್ಷದ ಜಾಗ ಖಾಲಿ ಇರುವುದು ಸಾಮಾನ್ಯ. ಆ ತಾಲ್ಲೂಕಿನ ಹಳೆಯ ವೇತನ ಬಿಲ್ ನೋಡಿ ಪರಿಶೀಲನೆ ಬರೆಸಬೇಕು. ಪತ್ರ ಬರೆದು ಕೂತರೆ ಆಗುವುದಿಲ್ಲ, ಒಮ್ಮೆ ಹೋಗಿಬರುವುದೇ ಒಳ್ಳೆಯದು. ಅದಕ್ಕೇ ಎರಡು ವರ್ಷ ಅಂದಿದ್ದು.

ರಜೆಗಳನ್ನು ನೋಡಿ. ವೈದ್ಯಕೀಯ ಕಾರಣಕ್ಕಲ್ಲದ ವೇತನರಹಿತ ರಜೆ ಅರ್ಹತಾ ಸೇವೆಯಿಂದ, ಅಂದರೆ ಪಿಂಚಣಿಗೆ ಲೆಕ್ಕವಾಗುವ ಸೇವೆಯಿಂದ, ಕಳೆದುಹೋಗಬಹುದು. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ರಜೆ ಮಂಜೂರಾಗಿದ್ದರೂ ಎಸ್‌ಆರ್‌ನಲ್ಲಿ ಬರೀ ವೇತನರಹಿತ ಎಂದು ಬರೆದಿದ್ದರೆ ನಷ್ಟ ನಿಮ್ಮದೇ. ಮಂಜೂರಾತಿ ಆದೇಶದ ಪ್ರತಿ ಹುಡುಕಿ ಅಂಟಿಸಿಸಿ.

ಪ್ರಾಥಮಿಕ ಶಾಲೆಯ ಕೆಲಸ ಬಿಟ್ಟು ಹೈಸ್ಕೂಲಿಗೆ ನೇರ ನೇಮಕಾತಿಯಲ್ಲಿ ಹೋದವರು, ಇಲಾಖೆಯ ಅನುಮತಿ ಪಡೆದು ಅರ್ಜಿ ಹಾಕಿದ ಪತ್ರ ಮತ್ತು ಬಿಡುಗಡೆ ಆದೇಶ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಹಿಂದಿನ ಸೇವೆ ಸೇರಿಸಲು ತಕರಾರು ಬರುತ್ತದೆ. 2006ಕ್ಕೆ ಮುಂಚೆ ಸೇರಿ ಆಮೇಲೆ ಹುದ್ದೆ ಬದಲಿಸಿದವರಿಗಂತೂ ಒಪಿಎಸ್ ಉಳಿಯುವುದೇ ಈ ಕಾಗದದ ಮೇಲೆ.

ಕೊನೆಗೆ ವೇತನ ನಿಗದಿ. 2005, 2012, 2017, 2022ರ ಪರಿಷ್ಕರಣೆಗಳು, 10 ವರ್ಷದ ಕಾಲಬದ್ಧ ಬಡ್ತಿ, 15 ವರ್ಷದ್ದು, 20 ವರ್ಷದ್ದು ಎಲ್ಲದರ ಆದೇಶ ಇದೆಯಾ, ಲೆಕ್ಕ ಸರಿ ಇದೆಯಾ ನೋಡಿ. ಎಲ್ಲೋ ಒಂದು ಇಂಕ್ರಿಮೆಂಟ್ ಜಾಸ್ತಿ ಕೊಟ್ಟಿದ್ದರೆ ಬೆಂಗಳೂರಿನ ಮಹಾಲೇಖಪಾಲರ (ಎಜಿ) ಆಫೀಸಿನವರು ಹಿಡಿಯುತ್ತಾರೆ. ಆಗ ಹಳೆಯದನ್ನೆಲ್ಲ ಗ್ರ್ಯಾಚುಟಿಯಲ್ಲಿ ಮುರಿದುಕೊಳ್ಳುತ್ತೇವೆ ಎನ್ನುವ ಪತ್ರ ಬರಬಹುದು. ಇಲ್ಲಿ ಒಂದು ರಕ್ಷಣೆ ಇದೆ. 2014ರ ಡಿಸೆಂಬರ್‌ನಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಿ ಮತ್ತು ಡಿ ಗುಂಪಿನ ನೌಕರರಿಂದ, ಹಾಗೆಯೇ ನಿವೃತ್ತರಾದವರಿಂದ ಅಥವಾ ಒಂದು ವರ್ಷದಲ್ಲಿ ನಿವೃತ್ತರಾಗುವವರಿಂದ ಇಂಥ ವಸೂಲಿ ಮಾಡಬಾರದು ಎಂದಿತು. ಆದರೆ ಹೆಚ್ಚು ಬಂದರೆ ವಾಪಸ್ ಕೊಡುತ್ತೇನೆ ಅಂತ ನೀವು ಮುಚ್ಚಳಿಕೆ ಬರೆದುಕೊಟ್ಟಿದ್ದರೆ ವಾದ ದುರ್ಬಲವಾಗುತ್ತದೆ. ಏನೇ ಆಗಲಿ, ಮುಂದಿನ ಪಿಂಚಣಿ ಸರಿಪಡಿಸಿದ ವೇತನದ ಮೇಲೆಯೇ ಕಟ್ಟುತ್ತಾರೆ.

ಮಲೆನಾಡಿನವರಿಗೆ ಮಾತ್ರ ಒಂದು ಸಲಹೆ: ಈ ಪ್ರತಿಗಳನ್ನು ಗೋಡೆ ಕಪಾಟಿನಲ್ಲಿ ಇಡಬೇಡಿ. ಒಂದು ಮಳೆಗಾಲ ಕಳೆಯುವುದರಲ್ಲಿ ಬೂಷ್ಟು ಹಿಡಿದು ಸಹಿ ಮಾಸಿಹೋಗುತ್ತದೆ. ಸ್ಕ್ಯಾನ್ ಮಾಡಿಸಿ ಮಕ್ಕಳ ಫೋನಿಗೂ ಕಳಿಸಿಡಿ.

ಒಪಿಎಸ್‌ನವರ ಲೆಕ್ಕ

ಕನಿಷ್ಠ 10 ವರ್ಷ ಅರ್ಹತಾ ಸೇವೆ ಇದ್ದರೆ ಪಿಂಚಣಿ. 30 ವರ್ಷ ಇದ್ದರೆ ಪೂರ್ಣ ಪಿಂಚಣಿ, ಅಂದರೆ ಕೊನೆಯ ಮೂಲ ವೇತನದ ಅರ್ಧ. ಮೊದಲು ಇದಕ್ಕೆ 33 ವರ್ಷ ಬೇಕಿತ್ತು. ಕಡಿಮೆ ಸೇವೆ ಇದ್ದವರಿಗೆ ಅನುಪಾತದಲ್ಲಿ. ಲೆಕ್ಕ ಆರಾರು ತಿಂಗಳ ಕಂತಿನಲ್ಲಿ ನಡೆಯುತ್ತದೆ. ಉಳಿಕೆ ಮೂರು ತಿಂಗಳು ಅಥವಾ ಜಾಸ್ತಿ ಇದ್ದರೆ ಅದನ್ನೂ ಒಂದು ಕಂತು ಅಂತ ಹಿಡಿಯುತ್ತಾರೆ.

ಕೊನೆಯ ಮೂಲ ವೇತನ 70,000 ಎಂದುಕೊಳ್ಳಿ. 30 ವರ್ಷ ದಾಟಿದವರಿಗೆ ಪಿಂಚಣಿ 35,000. 24 ವರ್ಷ ಸೇವೆ ಇದ್ದವರಿಗೆ 48 ಕಂತು, 60ರಲ್ಲಿ 48 ಭಾಗ, ಅಂದರೆ 28,000. ಇದರ ಮೇಲೆ ಆಗಿನ ದರದ ತುಟ್ಟಿಭತ್ಯೆ. ಮನೆ ಬಾಡಿಗೆ ಭತ್ಯೆ ಲೆಕ್ಕಕ್ಕಿಲ್ಲ. 7ನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ಕನಿಷ್ಠ ಪಿಂಚಣಿ 13,500 ಮತ್ತು ಗರಿಷ್ಠ 1,20,600 ರೂಪಾಯಿ. 1-7-2022ರಿಂದ 31-7-2024ರ ನಡುವೆ ನಿವೃತ್ತರಾದವರಿಗೆ ಪಿಂಚಣಿ ಪರಿಷ್ಕರಣೆ ಆದರೂ ಗ್ರ್ಯಾಚುಟಿ, ಕಮ್ಯುಟೇಷನ್ ಹಳೆಯ ವೇತನದ ಮೇಲೆಯೇ ಬಂತು. ಅವರ ಸಿಟ್ಟು ನ್ಯಾಯವಾದದ್ದೇ ಅನ್ನೋದು ನನ್ನ ಅಭಿಪ್ರಾಯ.

ಗ್ರ್ಯಾಚುಟಿಗೆ ಆಫೀಸಿನಲ್ಲಿ ಡಿಸಿಆರ್‌ಜಿ ಎನ್ನುತ್ತಾರೆ. ಪ್ರತಿ ಆರು ತಿಂಗಳ ಸೇವೆಗೆ ಕೊನೆಯ ವೇತನದ ಕಾಲು ಭಾಗ, ಹೆಚ್ಚೆಂದರೆ ವೇತನದ ಹದಿನಾರೂವರೆ ಪಟ್ಟು. ಮೇಲಿನ ಉದಾಹರಣೆಯಲ್ಲಿ 24 ವರ್ಷದವರಿಗೆ 12 ಪಟ್ಟು, 8,40,000. 33 ವರ್ಷದವರಿಗೆ 11,55,000. ಇದಕ್ಕೆ ಸರ್ಕಾರ ಒಂದು ಒಟ್ಟು ಮಿತಿಯನ್ನೂ ಇಟ್ಟಿರುತ್ತದೆ.

ಕಮ್ಯುಟೇಷನ್ ಮಾಡಿಸಬೇಕಾ?

ಎಲ್ಲರೂ ಕೇಳುವ ಪ್ರಶ್ನೆ. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಬಿಟ್ಟುಕೊಟ್ಟು ಇಡಿಗಂಟು ಪಡೆಯಬಹುದು. ನಿಮ್ಮ ವಯಸ್ಸಿಗೆ ಕೋಷ್ಟಕದಲ್ಲಿ ಒಂದು ಗುಣಕ ಇರುತ್ತದೆ. ಬಿಟ್ಟುಕೊಟ್ಟ ತಿಂಗಳ ಮೊತ್ತವನ್ನು 12ರಿಂದ, ಆಮೇಲೆ ಆ ಗುಣಕದಿಂದ ಗುಣಿಸಿದರೆ ಗಂಟಿನ ಮೊತ್ತ. 15 ವರ್ಷ ಆದ ಮೇಲೆ ಪೂರ್ಣ ಪಿಂಚಣಿ ಮತ್ತೆ ಶುರು.

35,000ದಲ್ಲಿ ಮೂರನೇ ಒಂದು ಅಂದರೆ ತಿಂಗಳಿಗೆ ಸುಮಾರು 11,666 ಕಡಿತ. 15 ವರ್ಷದಲ್ಲಿ ಒಟ್ಟು ಸುಮಾರು 21 ಲಕ್ಷ. ನಿಮಗೆ ಸಿಗುವ ಗಂಟನ್ನು ಈ 21 ಲಕ್ಷದ ಪಕ್ಕ ಇಟ್ಟು ನೋಡಿ. ನಡುವಿನ ವ್ಯತ್ಯಾಸವೇ ನೀವು ಕೊಡುವ ಬಡ್ಡಿ.

ಹಾಗಂತ ಮಾಡಿಸಲೇಬಾರದು ಅಂತಲ್ಲ. ತುಟ್ಟಿಭತ್ಯೆ ಕಡಿತಕ್ಕೆ ಮುಂಚಿನ ಪೂರ್ಣ ಪಿಂಚಣಿಯ ಮೇಲೆಯೇ ಬರುತ್ತದೆ. ಗಂಟಿಗೆ ಆದಾಯ ತೆರಿಗೆ ಇಲ್ಲ. ಪಿಂಚಣಿದಾರರು ನಡುವೆ ತೀರಿಕೊಂಡರೆ ಬಾಕಿ ಕಂತನ್ನು ಹೆಂಡತಿ ಅಥವಾ ಗಂಡನ ಕುಟುಂಬ ಪಿಂಚಣಿಯಿಂದ ಹಿಡಿಯುವುದಿಲ್ಲ. ಬ್ಯಾಂಕ್ ಸಾಲ, ಮಗಳ ಮದುವೆ, ಮನೆ ಸೂರು ಇಂಥ ಖರ್ಚು ಎದುರಿಗಿದ್ದರೆ ಮಾಡಿಸಿ. ಗಂಟು ಬರುತ್ತದಲ್ಲ ಅಂತ ಎರಡು ಎಕರೆ ಬಗರ್‌ಹುಕುಂ ಜಾಗಕ್ಕೆ ಅಡಿಕೆ ಸಸಿ ಹಾಕಲು ಹೊರಟರೆ ಮಾತ್ರ ಇನ್ನೊಮ್ಮೆ ಯೋಚಿಸಿ. ಫಸಲು ಬರುವ ತನಕ ಕೈಖರ್ಚಿಗೆ ಬೇಕಾದದ್ದು ತಿಂಗಳ ಪಿಂಚಣಿಯೇ.

ಉಳಿದ ಹಣ

ಗಳಿಕೆ ರಜೆ ನಗದೀಕರಣ ಗರಿಷ್ಠ 300 ದಿನ, ಮೂಲ ವೇತನಕ್ಕೆ ತುಟ್ಟಿಭತ್ಯೆ ಸೇರಿಸಿ. ಬೇಸಿಗೆ, ದಸರಾ ರಜೆ ಇರುವುದರಿಂದ ನಮ್ಮವರಿಗೆ ಗಳಿಕೆ ರಜೆ ವರ್ಷಕ್ಕೆ 10 ದಿನ ಮಾತ್ರ. ಹೀಗಾಗಿ 300 ಮುಟ್ಟುವವರು ಕಡಿಮೆ. ಆದರೆ ಬೇಸಿಗೆ ರಜೆಯಲ್ಲಿ ಚುನಾವಣೆ, ಜನಗಣತಿ ಕೆಲಸ ಮಾಡಿದ್ದರೆ ಅದಕ್ಕೆ ಅನುಪಾತದಲ್ಲಿ ಗಳಿಕೆ ರಜೆ ಜಮೆಯಾಗಬೇಕು. ಕರ್ತವ್ಯ ಪ್ರಮಾಣಪತ್ರ ಇಟ್ಟುಕೊಂಡಿದ್ದರೂ ಎಸ್‌ಆರ್‌ಗೆ ಏರಿಸದೆ ಬಿಟ್ಟವರು ಬಹಳ. ಹಳೆಯ ಫೈಲು ತೆಗೆದು ನೋಡಿ.

ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) ಇದ್ದವರು ಎಜಿ ಆಫೀಸಿನ ವಾರ್ಷಿಕ ಲೆಕ್ಕಪಟ್ಟಿಯಲ್ಲಿ ಜಮೆಯಾಗದ ತಿಂಗಳುಗಳನ್ನು ಪತ್ತೆಮಾಡಿ. ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ಬಾಂಡ್‌ಗಳಲ್ಲಿ ಮುಕ್ತಾಯ ದಿನಾಂಕ ಬೇರೆ ಬೇರೆ ಇರಬಹುದು, ಪ್ರತಿಯೊಂದನ್ನೂ ನೋಡಿ. ಗುಂಪು ವಿಮೆಗೆ ಬೇರೆ ಅರ್ಜಿ.

ಎನ್‌ಪಿಎಸ್‌ನವರಿಗೆ

ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನಿಮ್ಮದು, ಶೇ. 14 ಸರ್ಕಾರದ್ದು. 2019ರ ಏಪ್ರಿಲ್‌ಗೆ ಮುಂಚೆ ಸರ್ಕಾರದ ಪಾಲೂ ಶೇ. 10 ಇತ್ತು. ಪ್ರಾನ್ ಅನ್ನೋ ನಿಮ್ಮ ಎನ್‌ಪಿಎಸ್ ಖಾತೆ ಸಂಖ್ಯೆ ಹಾಕಿ ಲಾಗಿನ್ ಆಗಿ, ಪ್ರತಿ ತಿಂಗಳ ಎರಡೂ ಪಾಲು ಜಮೆಯಾಗಿದೆಯಾ ನೋಡಿ. ಶುರುವಿನ ವರ್ಷಗಳ ಹಿಂಬಾಕಿ ಮತ್ತು ವರ್ಗಾವಣೆ ಆದ ತಿಂಗಳುಗಳಲ್ಲಿ ರಂಧ್ರ ಇರುವುದು ಜಾಸ್ತಿ.

60ಕ್ಕೆ ಹೊರಬರುವಾಗ ಶೇ. 60ರವರೆಗೆ ಕೈಗೆ, ತೆರಿಗೆ ಇಲ್ಲದೆ. ಕನಿಷ್ಠ ಶೇ. 40ರಲ್ಲಿ ವಿಮಾ ಕಂಪನಿಯಿಂದ ಆನ್ಯುಟಿ, ಅಂದರೆ ತಿಂಗಳು ತಿಂಗಳು ಹಣ ಬರುವ ಯೋಜನೆ, ಕೊಳ್ಳಬೇಕು. ಆನ್ಯುಟಿಗೆ ತುಟ್ಟಿಭತ್ಯೆ ಇಲ್ಲ, ಇದೇ ದೊಡ್ಡ ಕೊರತೆ. ಆಯ್ಕೆ ಮಾಡುವಾಗ ನಿಮ್ಮ ನಂತರ ಸಂಗಾತಿಗೆ ಮುಂದುವರಿಯುವ, ಆಮೇಲೆ ಅಸಲು ವಾರಸುದಾರರಿಗೆ ಬರುವ ಬಗೆಯನ್ನು ಕೇಳಿ ನೋಡಿ. ತಿಂಗಳ ಮೊತ್ತ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಮನೆಯವರ ಕೈ ಖಾಲಿಯಾಗಲ್ಲ. ಗ್ರ್ಯಾಚುಟಿ ಎನ್‌ಪಿಎಸ್‌ನವರಿಗೂ ಇದೆ, ಬಿಡಬೇಡಿ.

ಬೇಬಾಕಿ ಮತ್ತು ಚಾರ್ಜ್

ಮುಖ್ಯ ಶಿಕ್ಷಕರಾಗಿದ್ದವರಿಗೆ ಪಿಂಚಣಿ ತಡವಾಗುವುದು ಹೆಚ್ಚಾಗಿ ಇಲ್ಲೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆ, ಅಕ್ಷರ ದಾಸೋಹದ ಅಕ್ಕಿ ಬೇಳೆ ದಾಸ್ತಾನು, ಹಾಲಿನ ಪುಡಿ, ಶೂ ಮತ್ತು ಸಮವಸ್ತ್ರದ ಲೆಕ್ಕ, ಕೊಠಡಿ ರಿಪೇರಿ ಅನುದಾನದ ಬಳಕೆ ಪ್ರಮಾಣಪತ್ರ ಎಲ್ಲವೂ ನಿಮ್ಮ ಹೆಸರಲ್ಲಿದೆ. ಹಿಂದೆ ಪ್ರಭಾರ ಇದ್ದ ಶಾಲೆಯ ಆಡಿಟ್ ಆಕ್ಷೇಪಣೆಯೂ ಹುಡುಕಿಕೊಂಡು ಬರುತ್ತದೆ. ನಿವೃತ್ತಿಯ ವರ್ಷ ಹೊಸ ಕಾಮಗಾರಿಯ ಹಣಕ್ಕೆ ಜಂಟಿ ಸಹಿ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಚಾರ್ಜ್ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಪಡೆದವರ ಸಹಿ ಹಾಕಿಸಿ ಒಂದನ್ನು ನೀವೇ ಇಟ್ಟುಕೊಳ್ಳಿ.

ಮನೆ ಸಾಲ, ಕೆಜಿಐಡಿ ಸಾಲ ತೀರಿದ್ದರೆ ತೀರುವಳಿ ಪತ್ರ ಬೇಕು. ಇಲಾಖಾ ವಿಚಾರಣೆ ಬಾಕಿ ಇದ್ದರೆ ತಾತ್ಕಾಲಿಕ ಪಿಂಚಣಿ ಬರುತ್ತದೆ, ಗ್ರ್ಯಾಚುಟಿ ತಡೆಹಿಡಿಯುತ್ತಾರೆ.

ಕಾಗದ ಹೋಗುವ ದಾರಿ

ಪಿಂಚಣಿ ಅರ್ಜಿ, ಸಂಗಾತಿಯ ಜೊತೆಗಿನ ಜಂಟಿ ಫೋಟೋ, ಮಾದರಿ ಸಹಿ, ಗುರುತಿನ ಮಚ್ಚೆಗಳ ವಿವರ, ಕುಟುಂಬದವರ ಪಟ್ಟಿ, ನಾಮನಿರ್ದೇಶನ, ಬ್ಯಾಂಕ್ ವಿವರ ಇಷ್ಟನ್ನು ನೀವು ಕೊಡಬೇಕು. ಆಫೀಸಿನವರು ಎಸ್‌ಆರ್ ಜೊತೆ ಸೇರಿಸಿ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳಿಸುತ್ತಾರೆ. ಕಳಿಸಿದ ಪತ್ರದ ಸಂಖ್ಯೆ, ದಿನಾಂಕ ಬರೆದುಕೊಳ್ಳಿ. ಅಲ್ಲಿಂದ ಪಿಂಚಣಿಗೆ, ಗ್ರ್ಯಾಚುಟಿಗೆ, ಕಮ್ಯುಟೇಷನ್‌ಗೆ ಪ್ರತ್ಯೇಕ ಆದೇಶ ಬರುತ್ತದೆ. ಪಿಂಚಣಿಯದೇ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ. ಅದು ಖಜಾನೆಗೆ ಬಂದು, ಅಲ್ಲಿಂದ ನಿಮ್ಮ ಬ್ಯಾಂಕಿಗೆ. ಕೊನೆಯ ವೇತನ ಪ್ರಮಾಣಪತ್ರ ಖಜಾನೆಗೆ ಮುಟ್ಟದಿದ್ದರೆ ಪಿಪಿಒ ಬಂದರೂ ಹಣ ಶುರುವಾಗಲ್ಲ.

ಪಿಪಿಒ ಕೈಗೆ ಬಂದ ದಿನವೇ ನೋಡಬೇಕಾದದ್ದು: ಸಂಗಾತಿಯ ಹೆಸರು ಮತ್ತು ಜನ್ಮದಿನಾಂಕ. ಮಾಮೂಲಿ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30, ಮೊದಲ ಕೆಲವು ವರ್ಷ ಹೆಚ್ಚಿನ ದರ. ಹೆಸರು ತಪ್ಪಿದ್ದರೆ ನೀವು ಬದುಕಿದ್ದಾಗ ತಿದ್ದಿಸುವುದು ಒಂದು ಅರ್ಜಿಯ ಕೆಲಸ. ಆಮೇಲೆ ಮನೆಯವರು ಒಬ್ಬರೇ ಓಡಾಡಬೇಕು. ಅಂಗವಿಕಲ ಮಕ್ಕಳಿದ್ದರೆ ಅವರ ಹೆಸರು, ವೈದ್ಯಕೀಯ ಪ್ರಮಾಣಪತ್ರ ಈಗಲೇ ದಾಖಲಿಸಿ. ಬ್ಯಾಂಕ್ ಖಾತೆ ಸಂಗಾತಿಯ ಜೊತೆ ಜಂಟಿಯಾಗಿರಲಿ.

ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ನಮ್ಮ ಕಡೆ ಅದು ಅಡಿಕೆ ಕೊಯ್ಲಿನ ಕಾಲ, ಮರೆತೇ ಹೋಗುತ್ತದೆ. ಬ್ಯಾಂಕಿಗೆ ಹೋಗಿ ಕೊಡಬಹುದು, ಜೀವನ್ ಪ್ರಮಾಣ್ ಮೂಲಕ ಆನ್‌ಲೈನಿನಲ್ಲೂ ಮಾಡಿಸಬಹುದು. ಇದನ್ನು ನಾವೇ ಮಾಡಿಕೊಡುತ್ತೇವೆ, ಪಿಪಿಒ ನಂಬರ್ ಮತ್ತು ಒಟಿಪಿ ಹೇಳಿ ಅಂತ ಖಜಾನೆ ಹೆಸರಲ್ಲಿ ಫೋನ್ ಬಂದರೆ ಕಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ.